ಎಮ್ಮಿ ಒದ್ದ ದವಡಿ

ನಮ್ಮ ಕಡೆ ಹೆಣ್ಣುಮಕ್ಕಳನ್ನು ಮರ್ಯಾದೆಯಿಂದ 'ಬಾಯಿ' ಎಂದು ಕರೆಯುತ್ತಾರೆ. ಸಾಲಿಯಲ್ಲಿ ಕಲಿಸುವವಳೂ ಬಾಯಿ, ದವಾಖಾನೆಯಲ್ಲಿ ಸೂಜಿ ಚುಚ್ಚುವವಳೂ ಬಾಯಿ. ನಾನು ಹಲ್ಲು ದವಡೆಗಳ ಡಾಕ್ಟರಾಗಿ ಅಣ್ಣಿಗೇರಿಯಲ್ಲಿ ಒಂದು ಖೋಲಿ ಬಾಡಿಗೆ ಹಿಡಿದು ಕೂತಾಗ ಜನಕ್ಕೆ ಹೆಸರಿಡುವ ತ್ರಾಸೇ ಆಗಲಿಲ್ಲ: ಬಾಯಿ ಡಾಕ್ಟರ್ ಬಾಯಿ. ಹೊರಗಿನಿಂದ ಒಬ್ಬ "ಬಾಯಿ ಅದಾರೇನ್ರಿ?" ಎಂದು ಕೂಗಿದರೆ, ಒಳಗಿದ್ದವನು "ಬಾಯಾರು ಬಾಯಿ ನೋಡಾಕತ್ತಾರ, ಕುಂದರ್ರಿ" ಎನ್ನುತ್ತಿದ್ದ. ಎಂಬತ್ತರ ದಶಕದ ಮೊದಲ ವರ್ಷಗಳವು. ಹಲ್ಲು ಕೀಳಿಸಲು ಬಂದ ಗಂಡಸರು ಮೊದಮೊದಲು ಒಳಗೆ ಹಣಿಕಿ ಹಾಕಿ, ನನ್ನ ಸೀರೆಯನ್ನು ನೋಡಿ, "ಸಾಹೇಬ್ರು ಯಾವಾಗ ಬರ್ತಾರ್ರಿ?" ಎಂದು ಕೇಳುತ್ತಿದ್ದರು. "ಸಾಹೇಬ್ರು ಇನ್ನೂ ಹುಟ್ಟಿಲ್ಲ, ಬಾಯಿ ತಗೀರಿ" ಎನ್ನುತ್ತಿದ್ದೆ. ಊರಿನವರ ಬಾಯಿಗಳನ್ನೆಲ್ಲ ನಾನು ನೋಡಿದ್ದೇನೆ. ನನ್ನ ಬಾಯಿ ಎಂಥದೆಂದು ಅವರಿಗೂ ಬೇಗನೆ ಗೊತ್ತಾಯಿತು.

ನನ್ನ ದವಾಖಾನೆ ದನದ ಸಂತೆ ಕೂಡುವ ಬಯಲಿಗೆ ಹತ್ತಿಕೊಂಡಿತ್ತು. ಕಿಟಕಿ ತೆರೆದರೆ ಎಮ್ಮೆಗಳು, ಮುಚ್ಚಿದರೆ ಎಮ್ಮೆಗಳ ವಾಸನೆ. ಸಂತೆಯ ದಿನ ಅಲ್ಲಿ ದಲ್ಲಾಳಿಗಳು ದನದ ತುಟಿ ಎತ್ತಿ ಹಲ್ಲು ಎಣಿಸುತ್ತಿದ್ದರು, ಇಲ್ಲಿ ನಾನು ಮನುಷ್ಯರದ್ದು. ದನಗಳು ಅಷ್ಟು ಕಿರುಚುತ್ತಿರಲಿಲ್ಲ ಎನ್ನುವುದೊಂದೇ ಫರಕು.

ದವಡೆ ಮುರಿಯಲು ಕಾರಣಗಳೇನೆಂದು ನಾನು ಪುಸ್ತಕದಲ್ಲಿ ಓದಿ ಬಂದಿದ್ದೆ: ವಾಹನ, ಬೀಳುವುದು, ಹೊಡೆದಾಟ, ಆಟ. ಅಗದಿ ನೀಟಾಗಿ ಬರೆದಿದ್ದರು. ಪಾಪ, ಬರೆದವರು ನವಲಗುಂದ ತಾಲೂಕು ನೋಡಿರಲಿಲ್ಲ. ಇಲ್ಲಿ ಡೀಸೆಲ್ ಎಂಜಿನ್ನಿನ ಹ್ಯಾಂಡಲ್ ಇತ್ತು. ಅದನ್ನು ತಿರುಗಿಸುವಾಗ ಕೈ ಜಾರಿತೋ, ಹ್ಯಾಂಡಲ್ ಹಿಂದಕ್ಕೆ ತಿರುಗಿ ಗದ್ದಕ್ಕೆ ಸರಿಯಾಗಿ ಕೊಡುತ್ತಿತ್ತು. ಹಬ್ಬಕ್ಕೆ ಬಸ್ಸಿನ ಟಾಪಿನ ಮೇಲೆ ನಿಂತು, ಅಡ್ಡ ಬಂದ ಜಾಲಿಯ ಟೊಂಗೆಯನ್ನು ಮುಖದಿಂದ ತಡೆದವರಿದ್ದರು. ಹೋಳಿಯಲ್ಲಿ ಬಣ್ಣದ ಜೊತೆ ಕಲ್ಲೂ ಬರುತ್ತಿತ್ತು. ಬದುವಿನ ಜಗಳದಲ್ಲಿ ಗುದ್ದಲಿಯ ಕಾವು ಬರುತ್ತಿತ್ತು. ಮತ್ತೆ ಹೊಸದಾಗಿ ಬಂದ ಮೋಟಾರ್ ಸೈಕಲ್ಲುಗಳು! ಮಾವ ಕೊಡಿಸಿದ ಗಾಡಿಯ ಮೇಲೆ ಹೆಂಡತಿಯನ್ನೂ ಹೆಂಡತಿಯ ತಮ್ಮನನ್ನೂ ಒಂದು ಚೀಲ ಸೇಂಗಾವನ್ನೂ ಹೇರಿಕೊಂಡು ಹೊರಟ ಅಳಿಯಂದಿರು ನನ್ನ ಕುರ್ಚಿಗೆ ಬಂದೇ ತೀರುತ್ತಿದ್ದರು. ಗಂಡಸರ ದವಡೆ ಮುರಿದರೆ ಅದು ಪರಾಕ್ರಮ. ಹ್ಯಾಂಡಲ್ ಬಡಿದು ಬಂದ ಒಬ್ಬ ಮೊದಲ ದಿನ ಹ್ಯಾಂಡಲ್ ಬಡಿಯಿತೆಂದ. ತಂತಿ ಬಿಚ್ಚಿಸಿಕೊಳ್ಳಲು ಬಂದಾಗ ಅದೇ ದವಡೆ, ಇಬ್ಬರು ಕಳ್ಳರೊಂದಿಗೆ ಸೆಣಸುವಾಗ ಮುರಿದದ್ದಾಗಿತ್ತು. ದವಡೆ ಕೂಡಲೆಂದು ನಾನು ತಂತಿ ಬಿಗಿದು ಮುಚ್ಚಿದ್ದು ಅವನ ಬಾಯನ್ನು, ಕಥೆ ಯಾವ ದಾರಿಯಿಂದ ಹೊರಬಿತ್ತೋ ದೇವರೇ ಬಲ್ಲ.

ಹೆಂಗಸರ ದವಡೆ ಮುರಿಯಲು ಮಾತ್ರ ಒಂದೇ ಕಾರಣವಿತ್ತು. "ಎಮ್ಮಿ ಒದೀತ್ರಿ."

ಶಲವಡಿಯಿಂದ ಬಂದವಳಿಗೂ ಎಮ್ಮೆ, ಕಲಘಟಗಿ ಕಡೆ ದುಮ್ಮವಾಡದಿಂದ ಬಂದವಳಿಗೂ ಎಮ್ಮೆ. ಮನೆಯಲ್ಲಿ ಆಡು ಕೂಡ ಇಲ್ಲದವಳಿಗೂ, ನೆರೆಮನೆಯ ಎಮ್ಮೆ ಬಂದು ಒದ್ದು ಹೋಗಿರುತ್ತಿತ್ತು. ಇವರ ಮಾತು ನಂಬಿದರೆ ನಮ್ಮ ಸೀಮೆಯ ಎಮ್ಮೆಗಳೆಲ್ಲ ಗರಡಿಮನೆಯಲ್ಲಿ ತಯಾರಾದ ಪೈಲ್ವಾನರು, ಅದೂ ಗಂಡ ಕುಡಿದು ಬಂದ ಸಂಜೆಯೇ ಅವುಗಳಿಗೆ ಸಿಟ್ಟು ಬರುತ್ತಿತ್ತು. ಹೀಗೆ ಹೇಳಿದ ಮೇಲೆ ಮುಂದೆ ಯಾರೂ ಏನೂ ಕೇಳಬಾರದೆಂಬುದು ಊರೂರಿನ ರಿವಾಜು. ನನ್ನ ದವಾಖಾನೆಯಲ್ಲಿ ಸಾಮಾನು ಕುದಿಸಿ ಕೊಡುವ ಮುಸಲ್ಮಾನರ ಹೆಣ್ಣುಮಗಳೊಬ್ಬಳಿದ್ದಳು, ಗಂಡ ಸತ್ತಾಕಿ. ನಾನು ಅವಳಿಗೆ ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆ. ಎಮ್ಮೆ ಒದ್ದ ಹೆಂಗಸು ಒಳಗೆ ಬಂದ ಕೂಡಲೇ ಖಾಲಾ ನನ್ನ ಕಿವಿಯಲ್ಲಿ, "ನಾಕ ಕಾಲಿಂದೋ, ಎರಡ ಕಾಲಿಂದೋ?" ಎಂದು ಕೇಳಿ, ಏನೂ ಅರಿಯದವಳಂತೆ ಸ್ಟೋವಿಗೆ ಪಂಪು ಹೊಡೆಯುತ್ತಿದ್ದಳು.

ಎಷ್ಟು ಕಾಲಿನದೆಂದು ತಿಳಿಯಲು ನನಗೆ ಯಾರ ಸಾಕ್ಷಿಯೂ ಬೇಕಿರಲಿಲ್ಲ. ಮನುಷ್ಯ ಬಾಯಿಂದ ಸುಳ್ಳು ಹೇಳಬಹುದು, ಬಾಯಿಯ ಎಲುಬಿಗೆ ಅದು ಬರುವುದಿಲ್ಲ. ಬಿದ್ದು ಗದ್ದ ನೆಲಕ್ಕೆ ಬಡಿದರೆ ಗದ್ದದ ಕೆಳಗೆ ತರಚಿರುತ್ತದೆ, ಪೆಟ್ಟು ಮೇಲಕ್ಕೇರಿ ಕಿವಿಯ ಮುಂದಿನ ಕೀಲು ಮುರಿದಿರುತ್ತದೆ. ಎದುರಿಗೆ ನಿಂತವನು ಬಲಗೈ ಮುಷ್ಟಿ ಕಟ್ಟಿ ಬೀಸಿದರೆ ಎಡಗಿವಿಯ ಕೆಳಗೆ ದವಡೆ ತಿರುಗುವ ಮೂಲೆ ಬಿರಿಯುತ್ತದೆ. ದವಡೆ ಎಂಬುದು ಲಾಳದ ಆಕಾರದ್ದು. ಹಾಗಾಗಿ ಎಡಗಡೆ ಗುದ್ದಿದರೆ ಬಲಗಡೆ ಮುಂದಿನ ಹಲ್ಲುಗಳ ಹತ್ತಿರವೂ ಇನ್ನೊಂದು ಬಿರುಕು ಬಿಡುವುದು ಬಹಳ. ಎಮ್ಮೆ ಒದ್ದಿತೆಂದು ಬಂದ ದವಡೆಗಳಲ್ಲಿ ಹೆಚ್ಚಿನವು ಹೀಗೇ ಮುರಿದಿರುತ್ತಿದ್ದವು.

ಒಂದು ಮುಂಜಾನೆ ಶಲವಡಿಯಿಂದ ಮೂವರು ಬಂದರು: ಮುಖಕ್ಕೆ ಸೆರಗು ಒತ್ತಿ ಹಿಡಿದ ಒಬ್ಬ ಸೊಸೆ, ಅವಳ ಗಂಡ, ಗಂಡನ ತಾಯಿ. ಸೊಸೆಗೆ ಇಪ್ಪತ್ತೈದರ ಆಚೀಚೆ. ಮುಖದ ಎಡಭಾಗ ಊದಿ ಕಣ್ಣು ಮುಚ್ಚಿತ್ತು, ಹಲ್ಲುಗಳು ಒಂದಕ್ಕೊಂದು ಕೂಡದೆ ಜೊಲ್ಲು ರಕ್ತ ಸೇರಿ ಸುರಿಯುತ್ತಿತ್ತು. ನಾನು ಕೇಳಿದ್ದು ಅವಳನ್ನು, ಉತ್ತರ ಬಂದದ್ದು ಅತ್ತೆಯಿಂದ.

"ಎಮ್ಮಿ ಒದ್ದೈತ್ರಿ ಬಾಯಾರ. ಹಿಂಡಾಕ ಕುಂತಾಗ ಝಾಡಿಸಿ ಒದೀತು. ಆಕಿ ತವರಮನಿ ಎಮ್ಮಿರಿ ಅದು, ತವರಿನ ಸೊಕ್ಕು."

"ಹೌದೇನವಾ?" ಎಂದು ಸೊಸೆಯನ್ನು ಕೇಳಿದೆ.

"ಊಂ" ಎಂದು ನರಳಿದಳು.

"ನೋಡ್ರಿ, ಹೌದ ಅಂದ್ಲು" ಎಂದು ಅತ್ತೆ ಅರ್ಥ ಹೇಳಿದಳು.

ಸೆರಗು ಸರಿಸಿ ನೋಡಿದೆ. ಎಡಗೆನ್ನೆಯ ಮೇಲೆ ಗೆಣ್ಣುಗಳ ಗುರುತು ಸಾಲಾಗಿತ್ತು, ಅದರಲ್ಲೊಂದು ಕಡೆ ಚೌಕನೆಯ ಆಳವಾದ ಗಾಯ. ಗಂಡ ಬಲಗೈಯ ಮೇಲೆ ಟಾವೆಲ್ಲು ಹಾಕಿಕೊಂಡಿದ್ದ. ಟಾವೆಲ್ಲಿನ ಸಂದಿಯಿಂದ ಚೌಕನೆಯ ಹರಳಿನ ಉಂಗುರ ಮಿಂಚುತ್ತಿತ್ತು. ನನ್ನ ನಾಲಿಗೆ ನಿಲ್ಲಲಿಲ್ಲ.

"ಎಮ್ಮಿ ಉಂಗುರ ಹಾಕ್ಕೊಂಡಿತ್ತೇನ್ರಿ?"

ಖಾಲಾ ಸ್ಟೋವಿನ ಮರೆಯಲ್ಲಿ ಕೆಮ್ಮಿದಳು. ಗಂಡ ಮುಖ ಕೆಂಪು ಮಾಡಿಕೊಂಡು, "ನೀವು ಹಲ್ಲ ನೋಡ್ರಿ ಬಾಯಾರ, ಮನಿ ಮಾತ ಬ್ಯಾಡ" ಎಂದ. ಹುಬ್ಬಳ್ಳಿಯ ದೊಡ್ಡ ದವಾಖಾನೆಗೆ ಕರೆದುಕೊಂಡು ಹೋಗಿ ಎಂದೆ. ಅಲ್ಲಿ ಪೊಲೀಸರು ಬಂದು ಕೇಳುತ್ತಾರೆಂದು ಅವನಿಗೆ ಯಾರೋ ಮೊದಲೇ ಹೇಳಿದ್ದರು, ಒಲ್ಲೆನೆಂದ. ಅವರಿಬ್ಬರನ್ನೂ ಹೊರಗೆ ಕಳಿಸಿ ಅವಳೊಬ್ಬಳನ್ನೇ ಕೇಳಿದೆ. "ಖರೇ ಹೇಳವಾ, ನಾ ಇದ್ದೀನಿ." ಅವಳು ಎರಡು ಬೆರಳುಗಳನ್ನು ತಲೆಯ ಎರಡೂ ಕಡೆ ಕೊಂಬಿನಂತೆ ಎತ್ತಿ ತೋರಿಸಿದಳು. ಎಮ್ಮೆಯೇ, ಎಂದು. ನನಗೆ ಅವಳನ್ನೇ ಇನ್ನೊಂದು ಸಲ ಬಾರಿಸಬೇಕೆನ್ನುವಷ್ಟು ಸಿಟ್ಟು ಬಂತು.

ದವಡೆ ಕೂಡಿಸಿ ಕಟ್ಟಿದೆ. ಈ ಕೆಲಸ ಹೀಗೆ: ಮುರಿದ ದವಡೆಗೆ ಕೈಕಾಲಿಗೆ ಹಾಕುವಂತೆ ಪಟ್ಟಿ ಹಾಕಲು ಬರುವುದಿಲ್ಲ. ಮೇಲಿನ ಹಲ್ಲುಗಳಿಗೂ ಕೆಳಗಿನ ಹಲ್ಲುಗಳಿಗೂ ಸಣ್ಣ ತಂತಿ ಸುತ್ತಿ, ಎರಡೂ ಸಾಲನ್ನು ಒಂದಕ್ಕೊಂದು ಬಿಗಿದು ಬಾಯನ್ನೇ ಮುಚ್ಚಿಬಿಡುತ್ತೇವೆ. ಹೆಚ್ಚುಕಡಿಮೆ ಒಂದೂವರೆ ತಿಂಗಳು ಬಾಯಿ ತೆರೆಯುವಂತಿಲ್ಲ. ಹಲ್ಲಿನ ಸಂದಿಯಿಂದ ಒಳಗೆ ಹೋಗುವುದು ತೆಳ್ಳನೆಯ ಗಂಜಿ, ಹಾಲು, ಬೇಳೆಕಟ್ಟು ಮಾತ್ರ. ಮಾತೂ ಹಾಗೇ, ಸಂದಿಯಿಂದ ಸುಸು ಎಂದಷ್ಟೇ ಹೊರಬರುತ್ತದೆ. ಒಂದೇ ಒಂದು ಅಪಾಯ, ವಾಂತಿ. ಬಾಯಿ ಕಟ್ಟಿದಾಗ ವಾಂತಿಯಾದರೆ ಉಸಿರು ಸಿಕ್ಕಿಕೊಂಡು ಸಾಯುತ್ತಾರೆ. ಅದಕ್ಕೇ ಇಂಥವರ ಕೈಯಲ್ಲಿ ತಂತಿ ಕತ್ತರಿಸುವ ಸಣ್ಣ ಪಕ್ಕಡವೊಂದನ್ನು ಕೊಟ್ಟು ಕಳಿಸುತ್ತಿದ್ದೆ. ಅವಳ ಬೆರಳು ಹಿಡಿದು, ಕನ್ನಡಿ ತೋರಿಸಿ, ಯಾವ ತಂತಿ ಕತ್ತರಿಸಿದರೆ ಬಾಯಿ ತೆರೆಯುತ್ತದೆಂದು ಕಲಿಸಿದೆ.

"ಜೀವಕ್ಕ ಬಂದಾಗ ಅಷ್ಟ ಕತ್ತರಸಬೇಕು, ತಿಳೀತಿಲ್ಲೋ? ಸುಮ್ಮಸುಮ್ಮನ ಕತ್ತರಿಸಿದಿ ಅಂದ್ರ ನಾನ ಒದೀತೀನಿ."

ಅವಳು ಪಕ್ಕಡವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹಾಲು ಚಲೋತ್ನಾಗಿ ಕುಡಸ್ರಿ" ಎಂದು ಅತ್ತೆಗೆ ಹೇಳಿದೆ. "ಎಮ್ಮಿ ಹಿಂಡತೈತಿಲ್ರಿ?" ಎಂದು ಕೇಳಿದ್ದಕ್ಕೆ, "ಹಿಂಡತೈತ್ರಿ, ಅದಕ್ಕೇನ ಧಾಡಿ" ಎಂದಳು ಮುದುಕಿ. ದವಡೆ ಮುರಿದ ಎಮ್ಮೆಯೇ ದವಡೆ ಕೂಡುವತನಕ ಅವಳನ್ನು ಸಾಕಬೇಕಾಗಿತ್ತು.

ನಿಜವಾದ ಕಥೆ ಖಾಲಾ ತಂದಳು. ಅವಳ ತಂಗಿಯನ್ನು ಶಲವಡಿಗೇ ಕೊಟ್ಟಿದ್ದರು. ಗಂಡನಿಗೆ ಯಾರೋ ಹಳೆಯ ಮೋಟಾರ್ ಸೈಕಲ್ ತೋರಿಸಿದ್ದರಂತೆ. ಅದನ್ನು ಕೊಳ್ಳಲು ಎಮ್ಮೆ ಮಾರಬೇಕೆಂದ. ಎಮ್ಮೆ ಅವಳದು, ಮದುವೆಯಲ್ಲಿ ಅವಳ ತಾಯಿ ಕುಂದಗೋಳ ಕಡೆಯ ತನ್ನ ಊರಿನಿಂದ ಕರು ಹೊಡೆದುಕೊಂಡು ಬಂದು ಕೊಟ್ಟದ್ದು. ಅವಳು ಸಾಕಿ ಬೆಳೆಸಿದ್ದಳು. ಆ ಮನೆಯಲ್ಲಿ ಅವಳದೆನ್ನುವ ಜೀವ ಅದೊಂದೇ. ಒಲ್ಲೆನೆಂದಳು. ಉಂಗುರದ ಕೈ ಬಂತು. ಆಮೇಲೆ ಅದೇ ಮನೆಯವರು, ಅದೇ ಎಮ್ಮೆಯ ಮೇಲೆ ಆ ಪೆಟ್ಟಿನ ಆರೋಪ ಹೊರಿಸಿದರು. ಪಾಪ, ಆ ಎಮ್ಮೆ ಆವಾಗ ಗೋದಲಿಯಲ್ಲಿ ಕಣಿಕೆ ತಿನ್ನುತ್ತ ನಿಂತಿತ್ತು.

"ಬಾಯಾರ, ಮೋಟಾರ್ ಸೈಕಲ್ ತೊಗೊಂಡ್ರ ಅಂವಾ ನಿಮ್ಮ ಕಡೇನ ಬರ್ತಾನ" ಎಂದಳು ಖಾಲಾ. ನನಗೂ ಅದರಲ್ಲಿ ಸಂಶಯವಿರಲಿಲ್ಲ.

ಸುಳ್ಳಿನದೊಂದು ಚಾಳಿ, ಅದಕ್ಕೆ ದಿನಾಲು ಮೇವು ಹಾಕಬೇಕು. ಮುಂದಿನ ಸಲ ತೋರಿಸಲು ಬಂದಾಗ ಅತ್ತೆ ನನ್ನ ಮುಂದೆ ಗೋಳೋ ಎಂದಳು. "ಓಣ್ಯಾಗ ತಲಿ ಎತ್ತಿ ತಿರಗಾಕ ಬರವಲ್ದ್ರಿ. ಎಲ್ಲಾರೂ ಕೇಳತಾರ, ಸೊಸಿ ದವಡಿ ಮುರದ ಎಮ್ಮಿ ಇನ್ನೂ ಯಾಕ ಇಟ್ಕೊಂಡೀರಿ ಅಂತ. ನಾಳೆ ಕೂಸುಕುನ್ನಿಗೆ ಒದ್ರ ಏನ್ ಮಾಡೂದು? ಮಾರಿಬಿಡತೀವ್ರಿ." ಸೊಸೆ ತಲೆ ಅಲ್ಲಾಡಿಸಿದಳು, ಬೇಡ ಬೇಡ ಎಂದು ಕೈ ಮಾಡಿದಳು, ಕಣ್ಣಿನಿಂದ ನೀರು ಇಳಿಯಿತು. "ನೋಡ್ರಿ, ಆಕಿಗೂ ಅಂಜಿಕಿ ಬಂದೈತಿ" ಎಂದಳು ಅತ್ತೆ. ಇಂಥಾ ಇನ್ನೊಬ್ಬ ದುಭಾಷಿಯನ್ನು ನಾನು ಕಾಣಲಿಲ್ಲ. ನಾನೂ ರೇಗಿ ಹೇಳಿದೆ, ಆಕಿ ಮಾರಬ್ಯಾಡ ಅನ್ನಾಕತ್ತಾಳ ಎಂದು. ಕಿವಿ ಮಂದ ಎಂದು ನಟಿಸಿ ಮುದುಕಿ ಎಲೆ ಅಡಿಕೆ ತೆಗೆದಳು.

ಅದಾದ ಮೇಲೊಂದು ಸಂತೆಯ ದಿನ ಅತ್ತೆ ಸೊಸೆಯನ್ನು ಕರೆದುಕೊಂಡು ಮತ್ತೆ ಬಂದಳು. ಮಗ ಬೇರೆ ಕೆಲಸದ ಮೇಲೆ ಬಂದಿದ್ದಾನೆಂದಳು. ಎಲುಬು ಕೂಡತೊಡಗಿತ್ತು, ಇನ್ನೂ ಹಸಿ. ನಾನು ಕೈಗನ್ನಡಿ ಹಿಡಿದು ಅವಳಿಗೆ ಹಲ್ಲಿನ ಸಾಲು ತೋರಿಸುತ್ತಿದ್ದಂತೆ ಹೊರಗೆ ಒಂದು ಎಮ್ಮೆ ಕೂಗಿತು. ಸಂತೆಯ ದಿನ ನೂರೆಂಟು ಎಮ್ಮೆ ಕೂಗುತ್ತವೆ. ಆದರೆ ಕುರ್ಚಿಯಲ್ಲಿದ್ದವಳು ಧಡಕ್ಕನೆ ಎದ್ದು ಕಿಟಕಿಗೆ ಹೋದಳು. ಬಯಲಿನಲ್ಲಿ, ಮಾರಾಟಕ್ಕೆ ನಿಲ್ಲಿಸಿದ ಸಾಲಿನಲ್ಲಿ, ಹಣೆಯ ಮೇಲೆ ಬಿಳಿ ಚುಕ್ಕೆಯ ಒಂದು ಎಮ್ಮೆ ಇತ್ತು. ಅದರ ಹಗ್ಗ ಹಿಡಿದವನು ಅವಳ ಗಂಡ.

ಅತ್ತೆ "ಏ, ಏ, ಎಲ್ಲಿಬೇ" ಎನ್ನುವುದರೊಳಗೆ ಅವಳು ಬಾಗಿಲು ದಾಟಿದ್ದಳು. ನಾನು ಕನ್ನಡಿ ಹಿಡಿದುಕೊಂಡೇ ಹಿಂದೆ ಓಡಿದೆ, ನನ್ನ ಹಿಂದೆ ಖಾಲಾ, ಅವಳ ಹಿಂದೆ ಮುದುಕಿ.

ನಾವು ಹೋಗುವ ಹೊತ್ತಿಗೆ ವ್ಯಾಪಾರ ಕುದುರುತ್ತಿತ್ತು, ಅವಳು ಎಮ್ಮೆಯ ಮರೆಗೆ ನಿಂತಿದ್ದಳು. ಕೊಳ್ಳುವವನು ಮಿಶ್ರಿಕೋಟಿಯ ಒಬ್ಬ ಯಜಮಾನ, ಬಿಳಿ ಮೀಸೆಯವನು. ಅವನು ಎಮ್ಮೆಯ ತುಟಿ ಎತ್ತಿ ಹಲ್ಲು ನೋಡಿ, ಕೆಚ್ಚಲಿಗೆ ಕೈ ಹಾಕಿದ್ದ. ಗಂಡ ಬಣ್ಣಿಸುತ್ತಿದ್ದ: "ಹಸುಗೂಸ ಇದ್ದಂಗ ಐತ್ರಿ ಕಾಕಾ. ಇಲ್ಲೀತನಕ ಕಾಲ ಎತ್ತಿದ್ದು ಗೊತ್ತಿಲ್ಲ. ಸಣ್ಣ ಹುಡುಗ್ರು ಹಿಂಡತಾವ."

ಬಾಜುಕ್ಕೆ ಶಲವಡಿಯವನೇ ಒಬ್ಬ ಬೀಡಿ ಸೇದುತ್ತ ನಿಂತಿದ್ದ. ಅವನಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ, ಇದ್ದ ವಿಷಯ ಹೇಳಿದ. "ಲೇ, ಇದ ಎಮ್ಮಿ ಅಲ್ಲೇನೋ ನಿನ್ನ ಹೇಣ್ತಿ ದವಡಿ ಮುರದದ್ದು?"

ಯಜಮಾನ ಕೆಚ್ಚಲಿನಿಂದ ಕೈ ತೆಗೆದು ಎರಡು ಹೆಜ್ಜೆ ಹಿಂದೆ ಸರಿದ. "ಏನ್ ತಮ್ಮಾ? ಒದೀತೈತೇನು?"

"ಇಲ್ರಿ ಕಾಕಾ, ಒದಿಯಂಗಿಲ್ರಿ!"

"ಹಂಗಾರ ಹೇಣ್ತಿ ದವಡಿ ಯಾರ ಮುರದ್ರು?"

ಗಂಡನ ಬಾಯಿ ತೆರೆದೇ ಇತ್ತು. ತಂತಿ ಇಲ್ಲದ ಬಾಯಿ, ಆದರೂ ಏನೂ ಹೊರಬರಲಿಲ್ಲ. ಆಮೇಲೆ, "ಅದು... ಅವತ್ತೊಂದ ದಿನ ಅಷ್ಟ್ರಿ... ಏನೋ ಬೆದರಿತ್ತು" ಎಂದ.

"ಅಂದ್ರ ಒದೀತೈತಿ."

"ಇಲ್ರಿ!"

"ಒಂದ ಹೇಳೋ ಮಾರಾಯಾ. ಒದೀತೈತಿ ಅಂದ್ರ ನಾ ಒಲ್ಲೆ. ಒದಿಯಂಗಿಲ್ಲ ಅಂದ್ರ, ಒದ್ದಾವ್ರು ಯಾರಂತ ಹೇಳು."

ಜನ ಕೂಡಿದರು. ನನ್ನ ಜನ್ಮದಲ್ಲಿ ನಾನು ಅಷ್ಟು ಖುಷಿಯಿಂದ ಯಾರ ಮುಖವನ್ನೂ ನೋಡಿಲ್ಲ. ಊರ ತುಂಬ ಸಾರಿದ ಸುಳ್ಳು, ಮಾರುವ ಹೊತ್ತಿಗೆ ಅಡ್ಡ ಬಂದು ಮಲಗಿತ್ತು. ಅಷ್ಟರಲ್ಲಿ ಅತ್ತೆ ಏದುಸಿರು ಬಿಡುತ್ತ ಬಂದು ಸೊಸೆಯ ರಟ್ಟೆ ಹಿಡಿದು ಮುಂದೆ ದೂಡಿದಳು. "ಆಕಿನ್ನ ಕೇಳ್ರಿ ಯಜಮಾನ್ರ, ಹಿಂಡಾಕೀನ ಆಕಿ. ಹೇಳಬೇ, ಎಮ್ಮಿ ಸಂಭಾವಿತ ಐತಿ ಹೌದಿಲ್ಲೋ? ಹೂಂ ಅನ್ನು."

ಎಲ್ಲರೂ ಅವಳತ್ತ ತಿರುಗಿದರು. ನನ್ನ ಖುಷಿ ಅಲ್ಲಿಗೇ ಇಂಗಿತು. ಹೂಂ ಎಂದರೆ ಎಮ್ಮೆ ಒದೆಯುವುದಿಲ್ಲ ಎಂದಾಯಿತು, ಆ ಕ್ಷಣಕ್ಕೆ ಮಿಶ್ರಿಕೋಟಿಗೆ ಹೋಗುತ್ತದೆ. ಊಹೂಂ ಎಂದರೆ ಎಮ್ಮೆ ಉಳಿಯುತ್ತದೆ, ಜೊತೆಗೆ ಸುಳ್ಳೂ ಉಳಿಯುತ್ತದೆ, ಮುಂದಿನ ಸಲದ ಪೆಟ್ಟಿಗೂ ಇದೇ ಎಮ್ಮೆಯೇ ಆರೋಪಿ. ಯಾವುದಕ್ಕೆ ತಲೆ ಆಡಿಸಿದರೂ ಗಂಡನಿಗೇ ಲಾಭ. ಅವಳು ಎಮ್ಮೆಯ ಬೆನ್ನ ಮೇಲೆ ಕೈಯಿಟ್ಟಳು. ನಂತರ ಸೊಂಟಕ್ಕೆ ಕೈ ಹಾಕಿ ಪಕ್ಕಡ ತೆಗೆದಳು.

"ಏ ಹುಚ್ಚಿ, ಬ್ಯಾಡಬೇ!" ಎಂದು ಕೂಗಿದೆ. ಕೇಳಲಿಲ್ಲ. ನನ್ನ ಕೈಯಲ್ಲಿದ್ದ ಕನ್ನಡಿಯನ್ನು ಕಸಿದು ಖಾಲಾಳ ಕೈಗೆ ಕೊಟ್ಟು ಹಿಡಿ ಎಂದು ಸನ್ನೆ ಮಾಡಿದಳು, ನಾನು ಕಲಿಸಿದಂತೆಯೇ ಒಂದೊಂದೇ ತಂತಿ ಕತ್ತರಿಸಿದಳು. ಚೂರುಗಳನ್ನು ನೆಲಕ್ಕೆ ಉಗುಳಿದಳು. ಬಿಗಿದುಹೋದ ದವಡೆ ಒಂದು ಬೆರಳಿನಷ್ಟು ತೆರೆಯಿತು ಅಷ್ಟೇ. ನೋವಿಗೆ ಕಣ್ಣು ಮುಚ್ಚಿ ತೆರೆದು, ತಡೆದು ತಡೆದು ಹೇಳಿದಳು.

"ಎಮ್ಮಿ ಒದ್ದಿಲ್ರಿ ಯಜಮಾನ್ರ. ಒದ್ದದ್ದು ಇಕಾ, ಹಗ್ಗ ಹಿಡಕೊಂಡ ನಿಂತೈತಲ್ಲ, ಅದು. ಬೇಕಾರ ಅದನ್ನ ಹೊಡಕೊಂಡ ಹೋಗ್ರಿ. ಎಮ್ಮಿ ನಂದು, ನಮ್ಮವ್ವ ಕೊಟ್ಟಿದ್ದು. ಮಾರಂಗಿಲ್ಲ."

ನಮ್ಮ ಕಡೆ ಹೆಂಡತಿಯರು ಗಂಡನ ಹೆಸರು ಹೇಳುವುದಿಲ್ಲ, 'ಅವರು' ಎನ್ನುತ್ತಾರೆ, ಸಿಟ್ಟು ಬಂದರೆ 'ಅಂವಾ'. 'ಅದು' ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ದನ, ಕಲ್ಲು, ಹ್ಯಾಂಡಲ್ಲುಗಳ ಸಾಲಿಗೆ ಅವನನ್ನು ನಿಲ್ಲಿಸಿಬಿಟ್ಟಳು. ಮಿಶ್ರಿಕೋಟಿಯ ಯಜಮಾನ ಗಂಡನನ್ನು ಕಾಲಿನಿಂದ ತಲೆಯವರೆಗೆ ನೋಡಿ, ಅವನ ತುಟಿಯ ಕಡೆ ಕೈ ಚಾಚಿದ.

"ಎಲ್ಲಿ, ಬಾಯಿ ತಗಿ ತಮ್ಮಾ, ಎಷ್ಟ ಹಲ್ಲಾಗ್ಯಾವ ನೋಡೂಣು."

ಆಮೇಲೆ ಎದ್ದ ನಗೆ ಬಸ್ ಸ್ಟ್ಯಾಂಡಿನತನಕ ಕೇಳಿಸಿರಬೇಕು. "ಬ್ಯಾಡಪಾ, ಒದಿಯೂ ಮಾಲ ನಮಗ ಬ್ಯಾಡ" ಎಂದು ಯಜಮಾನ ಹೆಗಲ ಟಾವೆಲ್ಲು ಝಾಡಿಸಿ ನಡೆದ. ಗಂಡ ಕೈಯೆತ್ತಲು ಹೋದ. ಸುತ್ತ ನಿಂತ ಅಷ್ಟೂ ಮಂದಿ ಆ ಕೈಯನ್ನೇ, ಅದರ ಉಂಗುರವನ್ನೇ ನೋಡುತ್ತಿದ್ದರು. ಕೈ ಅರ್ಧದಲ್ಲೇ ತಿರುಗಿ ತಲೆ ತುರಿಸಿಕೊಂಡಿತು. ಹಗ್ಗ ಕೆಳಗೆ ಬಿತ್ತು. ಅತ್ತೆಗೆ ಮಾತ್ರ ಅಂದು ಯಾರ ಮಾತಿನ ಅರ್ಥವನ್ನೂ ಹೇಳುವ ಕೆಲಸವಿರಲಿಲ್ಲ.

ಮುಂದೆ ಅವನು ಸುಧಾರಿಸಿ ದೇವರಂಥವನಾದನೆಂದು ಬರೆಯುವಷ್ಟು ಸುಳ್ಳುಗಾರಳಲ್ಲ ನಾನು. ಅವಳು ಎಮ್ಮೆ ಹೊಡೆದುಕೊಂಡು ತವರಿಗೆ ಹೋದಳು. ಹಿರಿಯರನ್ನು ಕಟ್ಟಿಕೊಂಡು ಅವನು ಎಷ್ಟೋ ಸಲ ಹೋಗಿ ಬರಿಗೈಲಿ ಬಂದ. ಕಡೆಗೆ ತನಗೆ ಮನಸ್ಸಾದಾಗ ತಿರುಗಿ ಬಂದಳು, ಎಮ್ಮೆಯ ಸಮೇತ. ಊರವರು ಅವನಿಗೆ 'ಒದಿಯೂ ಎಮ್ಮಿ' ಎಂದು ಹೆಸರಿಟ್ಟಿದ್ದರಂತೆ, ಖಾಲಾಳ ತಂಗಿ ಹೇಳಿದ್ದು. ಮತ್ತೆ ಕೈಯೆತ್ತಿದನೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳ ದವಡೆಯಂತೂ ಮತ್ತೆ ನನ್ನ ಹತ್ತಿರ ಬರಲಿಲ್ಲ. ಎಮ್ಮೆ ಒದ್ದ ಬೇರೆ ಹೆಂಗಸರು ಬರುತ್ತಲೇ ಇದ್ದರು.

ಆದರೆ ಆ ಸಂತೆಯ ಮಧ್ಯಾಹ್ನ ಅವಳು ಎಲ್ಲಿಗೂ ಹೋಗುವ ಮೊದಲು ಹಗ್ಗ ಹಿಡಿದು ಸೀದಾ ದವಾಖಾನೆಗೆ ಬಂದಳು. ಎಮ್ಮೆಯನ್ನು ನನ್ನ ಕಿಟಕಿಯ ಸರಳಿಗೆ ಕಟ್ಟಿದಳು. ಒಳಗೆ ಬಂದು ಪಕ್ಕಡವನ್ನು ಟ್ರೇಯಲ್ಲಿಟ್ಟು, ಯಾರೂ ಹೇಳದೆಯೇ ಕುರ್ಚಿಯಲ್ಲಿ ಕೂತಳು. ನಾನು ಸಿಡಿದುಬಿದ್ದೆ. ಎಲುಬು ಹಸೀ ಐತಿ, ಸೊಟ್ಟಗ ಕೂಡಿದ್ರ ಯಾರನ್ನ ಕೇಳ್ತಿ, ಜೀವಕ್ಕ ಬಂದಾಗ ಅಷ್ಟ ಕತ್ತರಸಂತ ಹೇಳಿದ್ದಿಲ್ಲೇನು, ಎಂದು ಬೈಯುತ್ತಲೇ ಹೊಸ ತಂತಿ ತೆಗೆದೆ. ಕಣ್ಣಿನಲ್ಲಿ ನೀರು ಬಂದು ತಂತಿಯ ತುದಿ ಕಾಣಿಸುತ್ತಿರಲಿಲ್ಲ. ಅವಳು ತಲೆ ಹಿಂದಕ್ಕೆ ಒರಗಿಸಿ, ತೆರೆಯುವಷ್ಟು ಬಾಯಿ ತೆರೆದಳು.

"ಈಗ ಕಟ್ರಿ ಬಾಯಾರ. ಹೇಳೂದು ಹೇಳಿದ್ನಿ."